ಮಗ್ಗದ ಕುಣಿಯ ಆಮೆಗಳು

ಪಕ್ಕದ ಮನೆ ಕಾಕಾರ ಪಾದಗಳು ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿದ್ದವು. ಮುಖ, ಕೈ ಎಲ್ಲ ಕಪ್ಪು. ಬನಹಟ್ಟಿಯಲ್ಲಿ ಕೈಮಗ್ಗದ ಮುಂದೆ ಕೂತು, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತ ಆಯುಷ್ಯ ಕಳೆದವರು. ಆ ಕಾಲುಗಳು ಬಿಸಿಲು ಕಂಡಿದ್ದೇ ಕಡಿಮೆ. ಕುಣಿಗೆ ದಿನಾ ಬೆಳಗ್ಗೆ ನೀರು ಚಿಮುಕಿಸುತ್ತಿದ್ದರು. "ತಂಪಿದ್ರ ನೂಲು ಹರಿಯೂದಿಲ್ಲ" ಎನ್ನುತ್ತಿದ್ದರು. ಮನೆಗೆ ಹೋದ ಯಾರಿಗೇ ಆಗಲಿ, ಮೊದಲು ಇದೇ ಪಾಠ.

ಅವರ ಹೆಂಡತಿ, ನಮ್ಮ ಕಾಕು, ತವರೂರು ಹುನ್ನೂರಿನಿಂದ ತಂದು ಸಾಕಿದ ಎರಡು ಆಮೆ ಹಿತ್ತಲಲ್ಲಿದ್ದವು. ಕಾಕಾ ಅವುಗಳತ್ತ ತಿರುಗಿಯೂ ನೋಡಿದವರಲ್ಲ. ಕಾಕು ತೀರಿಕೊಂಡ ಮೇಲೆ, ಒಂದು ದಿನ ಬೀದಿನಾಯಿ ಒಂದು ಆಮೆಯನ್ನು ಕಚ್ಚಿ ಎಳೆದಾಡಿತು. ಚಿಪ್ಪು ಗಟ್ಟಿಯಿದ್ದದ್ದಕ್ಕೆ ಬದುಕಿತು. ಮರುದಿನವೇ ಕಾಕಾ ಮಗ್ಗ ಬಿಚ್ಚಿ, ಕಟ್ಟಿಗೆಯನ್ನೆಲ್ಲ ಗೋಡೆಗೆ ಆನಿಸಿ, ಆಮೆಗಳನ್ನು ಕುಣಿಗೆ ಇಳಿಸಿದರು. ಊರವರು ಪಾವರ್‌ಲೂಮಿಗಾಗಿ ಮಗ್ಗ ಬಿಚ್ಚಿದರೆ ನಮ್ಮ ಕಾಕಾ ಆಮೆಗಾಗಿ ಬಿಚ್ಚಿದರು ಎಂದು ನಾನು ನಗಾಡಿದೆ.

"ನಗು ಲೇ, ನಗು. ಆಕಿ ಇದ್ದಾಗ ನಾ ಒಂದಿನಾನೂ ಇವಕ್ಕ ಎಲಿ ಹಾಕಲಿಲ್ಲ. ಈಗರ ಛಲೋ ನೋಡ್ಕೊಂತೀನಿ."

ಛಲೋ ನೋಡಿಕೊಳ್ಳುವುದೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ. ದಿನಾ ನೀರು ಚಿಮುಕಿಸಿದರು. ಚಳಿಗಾಲಕ್ಕೆ ಆಮೆಗಳ ಮೂಗು ಸೋರತೊಡಗಿತು. ಬಾಯಿ ತೆರೆದು ಉಸಿರೆಳೆಯುತ್ತಿದ್ದವು. ಒಂದು ಸತ್ತಿತು. ಇನ್ನೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಜಮಖಂಡಿಗೆ ಹೋದೆವು.

"ಇವು ನೀರಾಗಿನ ಆಮಿ ಅಲ್ರೀ ಅಜ್ಜಾರ, ಒಣ ನೆಲದ್ದು," ಎಂದರು ದನದ ಡಾಕ್ಟರು. "ಬಿಸಿಲು ಬೇಕು ಇವಕ್ಕ. ಥಂಡಿ ಹತ್ತೇತಿ."

ಬಸ್ಸಿನಲ್ಲಿ ಕಾಕಾ ಬುಟ್ಟಿಯನ್ನು ಬಿಸಿಲು ಬೀಳುವ ಕಿಟಕಿಗೆ ಹಿಡಿದುಕೊಂಡೇ ಕೂತರು. ಮನೆಗೆ ಬಂದವರೇ ಕುಣಿಗೆ ಒಣ ಉಸುಕು ಹಾಕಿ, ಮೇಲೆ ಬಲ್ಬು ಇಳಿಬಿಟ್ಟರು. ವರ್ಷಗಟ್ಟಲೆ ನೀರು ಕುಡಿದ ನೆಲ. ಸಂಜೆಯೊಳಗೆ ಉಸುಕು ಒದ್ದೆ. ಮತ್ತೆ ತೆಗೆದು ಮತ್ತೆ ಹಾಕುವುದು. ಹಗಲೆಲ್ಲ ಆಮೆಯನ್ನು ಮಡಿಲಲ್ಲಿಟ್ಟುಕೊಂಡು ಆ ಬಿಳಿ ಕಾಲು ಚಾಚಿ ಬಿಸಿಲಲ್ಲಿ ಕೂರುತ್ತಿದ್ದರು. ಅದೂ ಉಳಿಯಲಿಲ್ಲ.

"ನನಗ ನೂಲೊಂದ ತಿಳೀತಿತ್ತು," ಅಂದರು. "ಆಕಿ ಇದ್ದಾಗ ಒಂದ ಮಾತು ಕೇಳಿದ್ರ ಹೇಳ್ತಿದ್ಳು."

ಆಮೇಲೂ ಉಸುಕು ಬದಲಿಸುವುದನ್ನು ಬಿಡಲಿಲ್ಲ. ನನಗೆ ಸಿಟ್ಟೇ ಬಂತು. "ಯಾಕ್ರಿ ಕಾಕಾ, ಒಳಗ ಏನೂ ಇಲ್ಲಲ್ಲ?"

"ಒಣಗ್ಲಿ ಬಿಡು."

ಈ ಬೇಸಿಗೆಯಲ್ಲಿ ಕಾಕಾ ಹೋದರು. ಮಣ್ಣು ಮಾಡಿ ಬಂದ ಮೇಲೆ ನಾನು ಕುಣಿಯ ಅಂಚಿಗೆ ಕೂತು ಉಸುಕಿನೊಳಗೆ ಕೈ ಇಳಿಸಿದೆ. ತಳದವರೆಗೂ ಒಣಗಿತ್ತು, ಬೆಚ್ಚಗಿತ್ತು. ಆಮೆ ಸಾಕಲು ಹೇಳಿ ಮಾಡಿಸಿದಂಥ ಜಾಗ. ಅಲ್ಲೇ ಕೂತು ಅತ್ತೆ.