ಎರಡು ಹಿಡಿಕೆಯ ಪೆಟ್ಟಿಗೆ

ನನ್ನ ಸೊಂಟದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಅದರ ಪಾತ್ರ ನನಗಿಂತ ದೊಡ್ಡದು. ತೊಂಬತ್ತರ ದಶಕದಲ್ಲಿ ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ರಜೆ ಸಿಕ್ಕರೆ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ನಾಲ್ಕೇ ತಂತಿ. ಮದುವೆಗೆ ಬಂದ ಜನ ಹಾಡುವವರನ್ನು ನೋಡುತ್ತಾರೆ, ಕೀಬೋರ್ಡಿನವನನ್ನು ನೋಡುತ್ತಾರೆ, ಬೇಸ್ ಗಿಟಾರಿನವನನ್ನು ಮಾತ್ರ ‘ಇವನ್ಯಾಕೆ ಇಲ್ಲಿ ನಿಂತಿದಾನೆ’ ಅನ್ನುವಂತೆ ನೋಡುತ್ತಾರೆ. ಅದಕ್ಕೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ.

ಆದರೆ ನನ್ನ ಆಂಪ್ಲಿಫೈಯರನ್ನು ನೋಡದೆ ಇರಲು ಯಾರಿಂದಲೂ ಆಗುತ್ತಿರಲಿಲ್ಲ. ದಪ್ಪ ಹಲಗೆಯ ಪೆಟ್ಟಿಗೆ, ಮೈತುಂಬ ಕಪ್ಪು ರೆಕ್ಸಿನ್, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಒಳಗೆ ಊಟದ ತಟ್ಟೆಗಿಂತ ಅಗಲದ ಸ್ಪೀಕರು, ಅದರ ಕೆಳಗೆ ಕಲ್ಲುಗುಂಡಿನಂಥ ಟ್ರಾನ್ಸ್‌ಫಾರ್ಮರು. ತಂಡದಲ್ಲಿ ಅದಕ್ಕೆ ‘ಎಮ್ಮೆ’ ಎಂದೇ ಹೆಸರು. ಹೊಸದುರ್ಗದ ಮದುವೆ ಛತ್ರದಲ್ಲಿ ಒಮ್ಮೆ ನಾನು ದಪ್ಪ ತಂತಿ ಮೀಟಿದರೆ ಊಟದ ಹಾಲಿನ ಸ್ಟೀಲ್ ಲೋಟಗಳು ತಾವಾಗಿಯೇ ಗುಣುಗುಟ್ಟತೊಡಗಿದವು. ಅಡುಗೆಯವರು ಬಂದು ಬೈದುಹೋದರು. ನನಗೆ ಒಳಗೊಳಗೇ ಖುಷಿ.

ಎಮ್ಮೆಗೆ ಎರಡು ಪಕ್ಕಕ್ಕೂ ಒಂದೊಂದು ಹಿಡಿಕೆ. ಒಂದು ನನ್ನದು, ಇನ್ನೊಂದು ತಾಳ್ಯದಣ್ಣನದು.

ತಾಳ್ಯದಣ್ಣ ನಮ್ಮ ತಂಡದ ಢೋಲಕ್‌ನವನು. ತಾಳ್ಯದ ಕುರಿ ಸಾಕುವ ಮನೆಯವನು, ನನಗಿಂತ ಹತ್ತು ವರ್ಷ ಹಿರಿಯ. ಅವನ ಕೈ ಎಷ್ಟು ಚೆನ್ನಾಗಿತ್ತೆಂದರೆ ಹಾಡುವವರು ತಾಳ ತಪ್ಪಿದರೂ ಅದು ಬೇಕೆಂದೇ ಹಾಡಿದಂತೆ ಕೇಳಿಸುತ್ತಿತ್ತು. ಆದರೆ ಒಂದು ವರ್ಷ ತಂಡದ ಯಜಮಾನರು ರಿದಂ ಪ್ಯಾಡ್ ತಂದರು. ಕಡ್ಡಿಯಲ್ಲಿ ತಟ್ಟಿದರೆ ಢೋಲಕ್, ತಬಲ, ತಮಟೆ ಎಲ್ಲ ಅದರಲ್ಲೇ ಹೊರಡುತ್ತಿದ್ದವು. ತಾಳ್ಯದಣ್ಣನಿಗೆ ಮೊದಲು ಅರ್ಧದಷ್ಟು ಹಾಡು ಉಳಿದವು, ಆಮೇಲೆ ಎರಡು, ಆಮೇಲೆ ಒಂದೂ ಇಲ್ಲ. ಬರಬೇಡ ಎಂದು ಮಾತ್ರ ಯಾರೂ ಹೇಳಲಿಲ್ಲ, ಏಕೆಂದರೆ ಎಮ್ಮೆಯ ಇನ್ನೊಂದು ಹಿಡಿಕೆ ಹಿಡಿಯಲು ಬೇರೆ ಯಾರೂ ತಯಾರಿರಲಿಲ್ಲ. ಹಾಗಾಗಿ ಅವನು ಬರುತ್ತಲೇ ಇದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಢೋಲಕ್ ಚೀಲ ತಗುಲಿಸಿಕೊಂಡು, ಎಲ್ಲರಿಗಿಂತ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ.

ಹಿರಿಯೂರಿನ ಬಸ್ಸಿನಲ್ಲಿ ಕಂಡಕ್ಟರ್ ಪ್ರತಿ ಸಲವೂ ತಕರಾರು ತೆಗೆಯುತ್ತಿದ್ದ. “ಏನ್ರೀ ಇದು, ಬೀರುನಾ?”

“ಹಾಡೋ ಪೆಟ್ಟಿಗೆ ಕಣಪ್ಪ,” ಎನ್ನುತ್ತಿದ್ದ ತಾಳ್ಯದಣ್ಣ.

“ಹಾಡ್ಲಿ, ಅಳ್ಲಿ. ಇದಕ್ಕೂ ಟಿಕೆಟ್ ತಗಳ್ರಿ.”

ಬಸ್ಸಿಳಿದ ಮೇಲೆ ನಮ್ಮದೇ ಒಂದು ಕ್ರಮವಿತ್ತು. ತಾಳ್ಯದಣ್ಣ “ಹೂಂ, ಎತ್ತಾಣ” ಎಂದರೆ ಎತ್ತಬೇಕು. ಇಪ್ಪತ್ತು ಹೆಜ್ಜೆ ಆದಮೇಲೆ “ನಿಲ್ಲು ತಮ್ಮ, ಕೈ ಬದಲಾಯ್ಸಾಣ” ಎಂದರೆ ಇಳಿಸಬೇಕು. ಅವನು ಟವೆಲ್ಲಿನಿಂದ ಹಣೆ ಒರೆಸಿಕೊಳ್ಳುತ್ತಿದ್ದ, ನಾನು ಅಂಗೈ ತಿಕ್ಕಿಕೊಳ್ಳುತ್ತಿದ್ದೆ, ಆಮೇಲೆ ಪಕ್ಕ ಬದಲಿಸಿ ಮತ್ತೆ ಎತ್ತುತ್ತಿದ್ದೆವು. ಆ ನಿಲುಗಡೆಗಳಲ್ಲೇ ಅವನು ನನಗೆ ಪಾಠ ಹೇಳುತ್ತಿದ್ದದ್ದು. “ಹೋದ್ಸಲ ಮೂರನೇ ಹಾಡಿನಾಗೆ ಓಡ್ತಿದ್ದೆ ಕಣಲೇ. ಆ ಪ್ಯಾಡಿನ ಹಿಂದೆ ಓಡಬ್ಯಾಡ, ನಿನ್ನ ಪಾಡಿಗೆ ನೀನು ನಡಿ.” ಇಡೀ ಜಿಲ್ಲೆಯಲ್ಲಿ ನನ್ನ ನಾಲ್ಕು ತಂತಿಗೆ ಕಿವಿಗೊಟ್ಟವನು ಅವನೊಬ್ಬನೇ ಎಂದು ನನ್ನ ಅನುಮಾನ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗುವಷ್ಟರಲ್ಲಿ ನನ್ನ ಸೊಂಟ ಕೈಕೊಟ್ಟಿತು. ಚಿತ್ರದುರ್ಗದ ಡಾಕ್ಟರು ಒತ್ತಿ ನೋಡಿ, ಒಂದೋ ಆ ಪೆಟ್ಟಿಗೆ ಬಿಡಿ, ಇಲ್ಲವೇ ನಡೆಯುವುದು ಬಿಡಿ ಎಂದರು. ಅದೇ ಊರಿನ ಸೌಂಡ್ ಸಿಸ್ಟಮ್ ಅಂಗಡಿಗೆ ಹೊಸ ಬಗೆಯ ಹಗುರ ಆಂಪ್ಲಿಫೈಯರ್ ಬಂದಿದೆ ಎಂದು ಕೇಳಿದ್ದೆ. ಆದರೆ ಕಣ್ಣು ಮುಚ್ಚಿ ಕೊಳ್ಳುವ ಜಾತಿ ನನ್ನದಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿ ನೋಡಬೇಕೆಂದು ಎಮ್ಮೆಯನ್ನೂ ಹೊತ್ತುಕೊಂಡು ಹೋದೆವು. ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲ ನಡುವೆ ನನ್ನ ಸೊಂಟ ಹಿಡಿದುಕೊಂಡಿತು. ನಾನು ಗೋಡೆಗೊರಗಿ ನಿಂತು ದೇವರನ್ನೂ ಟ್ರಾನ್ಸ್‌ಫಾರ್ಮರನ್ನೂ ಒಟ್ಟಿಗೆ ಬೈದೆ. ಆಗ ಮೇಲಿನಿಂದ ಅಂಗಡಿಯವನು ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಆ ಹೊಸ ಆಂಪ್ಲಿಫೈಯರ್ ಹಿಡಿದು ನಗುತ್ತ ಇಳಿದುಬಂದ. ಆಯ್ಕೆ ಮಾಡಿದ್ದು ನನ್ನ ಕಿವಿಯಲ್ಲ, ಸೊಂಟ.

ತಾಳ್ಯದಣ್ಣ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸಂತೆಯಲ್ಲಿ ಟಗರು ನೋಡುವ ಹಾಗೆ ಅದರ ಬೆನ್ನ ಮೇಲೆ ಕೈ ಒತ್ತಿದ, ಪಕ್ಕೆ ತಡವಿದ, ನೆಲದಿಂದ ಗೇಣುದ್ದ ಎತ್ತಿ ಕೆಳಗಿಟ್ಟ. “ಮೈಯಾಗೆ ಏನೂ ಇಲ್ಲ ಇದ್ರಾಗೆ. ಇಂಥದ್ದು ಹಿಡ್ಕಂಡು ಹೋದ್ರೆ ಮನೇಲಿ ಅನ್ನ ಹಾಕಲ್ಲ,” ಎಂದ. ಅವನೂ ಅಂಗಡಿಯವನೂ ಎಮ್ಮೆಯನ್ನು ಮೇಲಕ್ಕೆ ಸಾಗಿಸಿದರು, ನಾನು ಕುಂಟುತ್ತ ಒಳಗೆ ಹೋಗಿ ಎರಡರಲ್ಲೂ ನುಡಿಸಿದೆ. ಎಮ್ಮೆಯ ಸದ್ದು ಎದೆಗೆ ಬಂದು ಗುದ್ದುತ್ತಿತ್ತು. ಹೊಸದರ ಸದ್ದು ಹಾಗೆ ಗುದ್ದಲಿಲ್ಲ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ತಾಳ್ಯದಣ್ಣ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿ, “ಚೆನ್ನಾಗೈತೆ,” ಎಂದ. ಕಿವಿಯ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ.

ಆಮೇಲೆ ಅದನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತಿರುಗಿಸಿದ. “ಇನ್ನೊಂದು ಹಿಡಿಕೆ ಎಲ್ಲೈತ್ರಿ?”

“ಮೇಲೈತಲ್ಲ, ಅದೊಂದೇ ಅಣ್ಣ. ಒಬ್ರೇ ಹೊತ್ಕಂಡು ಹೋಗಾದು. ಇದ್ರ ಸುಖನೇ ಅದು,” ಎಂದ ಅಂಗಡಿಯವನು.

ತಾಳ್ಯದಣ್ಣ ಆ ಒಂದೇ ಹಿಡಿಕೆಯನ್ನು ಹಿಡಿದು ನೋಡಿದ. ಢೋಲಕ್ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡ. “ತಗಳಪ್ಪ. ನಿನ್ನ ಸೊಂಟಕ್ಕೆ ಒಳ್ಳೇದು,” ಎಂದ. ನಾನು ಅವನ ಕಡೆ ನೋಡದೆ ದುಡ್ಡು ಎಣಿಸಿ ಕೊಟ್ಟೆ. ಎಮ್ಮೆಯನ್ನು ಅದೇ ಅಂಗಡಿಯವನಿಗೆ ಕೊಟ್ಟು ಬಂದೆ.

ಮರುದಿನ ಯಜಮಾನರು ಹೊಸ ಪೆಟ್ಟಿಗೆಯನ್ನು ಕಿರುಬೆರಳಿನಲ್ಲಿ ಎತ್ತಿ ನೋಡಿ ಸಂತೋಷಪಟ್ಟರು. “ಇನ್ನೇನಪ್ಪ, ತಾಳ್ಯದೋನು ಬರಾದು ಬ್ಯಾಡ ಅನ್ನು.” ನನಗೆ ಮೈ ಉರಿದುಹೋಯಿತು. ಆದರೆ ಯಜಮಾನರ ಎದುರು ನನ್ನ ಸಿಟ್ಟು ಯಾವತ್ತೂ ಬಾಯಿಗೆ ಬರುವುದಿಲ್ಲ, ಕಾಲಿಗೆ ಬರುತ್ತದೆ. ಅಲ್ಲಿಂದ ಎದ್ದು ನೆಟ್ಟಗೆ ಕಬ್ಬಿಣದ ಅಂಗಡಿಗೆ ನಡೆದು, ಟ್ರಂಕಿಗೆ ಹಾಕುವ ಎರಡು ದಪ್ಪ ಹಿಡಿಕೆ ಕೊಂಡು, ಬಡಗಿಯ ಮುಂದೆ ಹೊಸ ಪೆಟ್ಟಿಗೆ ಇಟ್ಟೆ.

“ಇದಕ್ಯಾಕ್ರಿ ಎರಡು? ಕೂಸು ಎತ್ತುತೈತೆ ಇದನ್ನ,” ಎಂದ ಬಡಗಿ.

“ನೀನು ಹಾಕಪ್ಪ. ಮೇಲಿನದ್ದು ಬಿಚ್ಚಿಬಿಡು.”

ಬಿಚ್ಚಿದ ಹಿಡಿಕೆಯನ್ನು ಕಚೇರಿಯ ಮೇಜಿನ ಡ್ರಾಯರಿನಲ್ಲಿ ಫೈಲುಗಳ ಕೆಳಗೆ ಬಚ್ಚಿಟ್ಟೆ. ಒಂಟಿಯಾಗಿ ಏನನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆಂದು ಯಜಮಾನರಿಗೆ ಸುಳ್ಳು ಹೇಳಿದೆ. ತಾಳ್ಯಕ್ಕೆ ಹೇಳಿಕಳಿಸಿದೆ.

ಅದರ ಮುಂದಿನ ಕಾರ್ಯಕ್ರಮ ಹೊಸದುರ್ಗದಲ್ಲಿ. ತಾಳ್ಯದಣ್ಣ ನೆಟ್ಟಗೆ ಅಲ್ಲಿನ ಬಸ್‌ಸ್ಟ್ಯಾಂಡಿಗೇ ಬಂದಿದ್ದ, ಅದೇ ಇಸ್ತ್ರಿ ಅಂಗಿ, ಅದೇ ಚೀಲ. ಪೆಟ್ಟಿಗೆಯ ಪಕ್ಕದ ಹಿಡಿಕೆಯ ಮೇಲೆ ಹೆಬ್ಬೆರಳಾಡಿಸಿದ. ಪೆಟ್ಟಿಗೆಯ ಮೇಲೆ ಉಳಿದಿದ್ದ ಸ್ಕ್ರೂ ತೂತುಗಳನ್ನೂ ನೋಡಿದ.

“ಹೂಂ, ಎತ್ತಾಣ.”

ಹಳೇ ಅಭ್ಯಾಸದ ಬಲ ಹಾಕಿ ಎತ್ತಿದೆವು. ಪೆಟ್ಟಿಗೆ ಎದೆಯವರೆಗೆ ಹಾರಿತು, ನಾವಿಬ್ಬರೂ ಹಿಂದಕ್ಕೆ ಮುಗ್ಗರಿಸಿದೆವು. ಟೀ ಅಂಗಡಿಯ ಮುಂದೆ ಕುಳಿತಿದ್ದವರು ಬಿದ್ದುಬಿದ್ದು ನಕ್ಕರು. “ಅದಕ್ಕೆ ಇಬ್ರು ಬೇಕೇನ್ರೀ?” ಎಂದು ಒಬ್ಬ ಕೂಗಿದ. ತಾಳ್ಯದಣ್ಣ ಅವನ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತ ಛತ್ರದ ಕಡೆ ನಡೆದೆವು.

ಇಪ್ಪತ್ತು ಹೆಜ್ಜೆ ಆಯಿತು.

“ನಿಲ್ಲು ತಮ್ಮ, ಕೈ ಬದಲಾಯ್ಸಾಣ.”

ಮೆಲ್ಲಗೆ ಇಳಿಸಿದೆವು. ಅವನು ಟವೆಲ್ ತೆಗೆದು ಬೆವರಿಲ್ಲದ ಹಣೆಯನ್ನು ತುಂಬ ಹೊತ್ತು ಒರೆಸಿಕೊಂಡ. ನಾನು ಅಂಗೈ ತಿಕ್ಕಿಕೊಂಡೆ.

“ಭಾರ ಐತಲ್ಲ?” ಎಂದ.

“ಐತಣ್ಣ,” ಎಂದೆ.