ಹನ್ನೊಂದು ಮನೆಗೆ ಹನ್ನೊಂದು ಜೀಪು

ಚಿಕ್ಕಮಗಳೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಟ ಬಸ್ಸಿನಲ್ಲಿ ನನ್ನ ಬಲಗಾಲು ಇನ್ನೂ ನನ್ನ ಮಾತು ಕೇಳುತ್ತಿತ್ತು. ಈಗ ಕೇಳುವುದಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ, ಇಳಿಜಾರೇ ಇಲ್ಲದ ಊರಿನಲ್ಲಿ, ಕುರ್ಚಿಯ ಮೇಲೆ ಕೂತು ಇದನ್ನು ಬರೆಯುತ್ತಿರುವಾಗಲೂ ಆ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅಮ್ಮ ಎರಡು ಸಲ ಮೇಜಿನ ಕೆಳಗೆ ಬಗ್ಗಿ ನೋಡಿ, "ಇರುವೆ ಕಚ್ತಾ?" ಎಂದು ಕೇಳಿದಳು. ಇರುವೆಯಲ್ಲ. ಬ್ರೇಕು.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಬಡತನದ ಮೇಲೆ ಒಟ್ಟು ಮೂರು ಪೇಪರು ಬರೆದು ಪಾಸಾಗಿದ್ದೆ. ಹಾಗಾಗಿ ಕಾಫಿ ಗುಡ್ಡಗಳ ಒಳಗಿನ ಊರುಗಳಲ್ಲಿ ಬಡತನ ಅಳೆಯುವ ಸಮೀಕ್ಷೆಯ ಕೆಲಸ ಸಿಕ್ಕಾಗ, ಅಳತೆಪಟ್ಟಿ ಕೈಯಲ್ಲಿದ್ದ ಮೇಲೆ ಬಟ್ಟೆ ಅಳೆದಷ್ಟೇ ಸಲೀಸು ಎಂದುಕೊಂಡೆ. ಅಳತೆಪಟ್ಟಿಯೆಂದರೆ ಒಂದು ಟ್ಯಾಬು, ಅದರೊಳಗೆ ಅರವತ್ತೆರಡು ಪ್ರಶ್ನೆ. ಯಾವ ಊರಿನ ಕಷ್ಟ ಹೆಚ್ಚೆಂದು ಟ್ಯಾಬು ಲೆಕ್ಕ ಹಾಕಿ ಹೇಳುತ್ತದೋ ಆ ಊರಿಗೆ ಮೊದಲು ಕಾಂಕ್ರೀಟು ರಸ್ತೆ. ನನ್ನ ಪಾಲಿಗೆ ಬಂದದ್ದು ಬಾಳೂರಿನ ಮೇಲಿನ ಗುಡ್ಡದಲ್ಲಿರುವ ಕೆಸವಿನಹಡ್ಲು. ಹನ್ನೊಂದು ಮನೆ.

ಮೂಡಿಗೆರೆಯವರೆಗೆ ಸರ್ಕಾರಿ ಬಸ್ಸು. ಹೆಂಗಸಾದ್ದರಿಂದ ಟಿಕೆಟ್ಟು ಸೊನ್ನೆ ರೂಪಾಯಿ. ಅಲ್ಲಿಂದ ಖಾಸಗಿ ಬಸ್ಸು. ಅಲ್ಲಿ ಹೆಂಗಸು ಗಂಡಸು ಎಲ್ಲರೂ ಸಮಾನರು. ಕೊಟ್ಟಿಗೆಹಾರದಲ್ಲಿ ಹತ್ತು ನಿಮಿಷ ನಿಲ್ಲಿಸಿದಾಗ ನೀರುದೋಸೆ ತಿಂದೆ. ತಟ್ಟೆಗೆ ಮೂರು ಎಂದು ಬೋರ್ಡಿತ್ತು, ಆರು ತಿಂದೆ. ಮಳೆಗಾಲ ಮುಗಿದಿದೆ ಎಂದು ಎಲ್ಲರೂ ಹೇಳುತ್ತಿದ್ದರು, ಕೊಡೆ ಬಿಡಿಸಿಕೊಂಡು.

ಬಾಳೂರಿನಲ್ಲಿ ಇಳಿದು ಅಂಗಡಿಯವರನ್ನು ಕೆಸವಿನಹಡ್ಲು ಎಷ್ಟು ದೂರ ಎಂದು ಕೇಳಿದೆ.

"ಇಲ್ಲೇ ಮೇಡಂ, ಎರಡು ತಿರುವು."

ಹದಿನಾಲ್ಕನೆಯ ತಿರುವಿನಲ್ಲಿ ಕೂತು ಕಾಲಿನ ಜಿಗಣೆ ಕಿತ್ತೆ. ಮಣ್ಣಿನ ರಸ್ತೆ, ಒಂದು ಕಡೆ ಗುಡ್ಡ ಕಡಿದ ಎತ್ತರದ ಧರೆ, ಇನ್ನೊಂದು ಕಡೆ ಕಾಫಿ ಗಿಡಗಳು ಒಂದರ ತಲೆಯ ಮೇಲೊಂದು ನಿಂತಂತೆ ಇಳಿದು ಇಳಿದು ಕೊನೆಗೆ ಕಾಣದೇ ಹೋಗುವ ಹಳ್ಳ. ಮೂರನೆಯ ತಿರುವಿನಲ್ಲಿ ಮಾತ್ರ ಟ್ಯಾಬಿಗೆ ನೆಟ್‌ವರ್ಕ್ ಸಿಕ್ಕಿತ್ತು. ಊರಿನವರು ಫೋನು ಮಾಡಲು ಅಲ್ಲಿಗೇ ಬರುತ್ತಾರಂತೆ. ಕೂರಲು ಎರಡು ಕಲ್ಲು ಹಾಕಿಕೊಂಡಿದ್ದರು. ತುಂಬಿದ ಫಾರಂಗಳು ನೆಟ್‌ವರ್ಕ್ ಸಿಕ್ಕ ಕೂಡಲೇ ತಾವಾಗಿ ಕಚೇರಿಗೆ ಹೋಗಿಬಿಡುತ್ತವೆ, ಹೋದ ಮೇಲೆ ತಿದ್ದಲು ಬರುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಎಷ್ಟು ಅನುಕೂಲ ಎಂದುಕೊಂಡಿದ್ದೆ.

ಹನ್ನೊಂದು ಗಂಟೆಗೆ ಊರು ಸೇರಿದೆ. ಮೊದಲ ಮನೆ ಮಂಜಪ್ಪಗೌಡರದು. ಎರಡೆಕರೆ ಕಾಫಿ, ಎಲೆಅಡಿಕೆ ಬಾಯಿ, ಐವತ್ತರ ಆಸುಪಾಸು. ಬೆಲ್ಲದ ಕಾಫಿ ಕೊಟ್ಟರು. ಆರು ಪ್ರಶ್ನೆ ಮುಗಿಸಿ ಏಳನೆಯದಕ್ಕೆ ಬಂದೆ.

"ನಿಮ್ಮ ಕುಟುಂಬಕ್ಕೆ ನಾಲ್ಕು ಚಕ್ರದ ವಾಹನ ಇದೆಯಾ?"

"ಇದೆಯಲ್ಲ, ಜೀಪು."

'ಹೌದು' ಒತ್ತಿದೆ. ಟ್ಯಾಬು, "ಧನ್ಯವಾದಗಳು. ಈ ಕುಟುಂಬದ ಸಮೀಕ್ಷೆ ಮುಗಿದಿದೆ" ಎಂದಿತು. ಜೀಪಿದ್ದವರಿಗೆ ಉಳಿದ ಐವತ್ತೈದು ಪ್ರಶ್ನೆಗಳ ಅಗತ್ಯವಿಲ್ಲ, ಅವರು ಬಡವರಲ್ಲ. ಎರಡನೆಯ ಮನೆಯಲ್ಲೂ ಜೀಪಿತ್ತು. ಮೂರನೆಯದರಲ್ಲೂ. ಕೆಲಸ ಇಷ್ಟು ಚುರುಕಾಗಿ ನಡೆದದ್ದು ಕಂಡು ಖುಷಿಯಾಯಿತು. ಮಲೆನಾಡು ಎಷ್ಟು ಮುಂದುವರಿದಿದೆ ಎಂದೂ ಖುಷಿಯಾಯಿತು.

ಕೊನೆಯ ಮನೆ ದ್ಯಾವಮ್ಮನದು. ಒಂದೇ ಕೋಣೆ, ಒಡೆದ ಹೆಂಚಿನ ಮೇಲೆ ನೀಲಿ ಟಾರ್ಪಾಲು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸ, ಅರವತ್ತು ದಾಟಿರಬೇಕು, ಒಬ್ಬಳೇ. ಏಳನೆಯ ಪ್ರಶ್ನೆ ಕೇಳಲು ನನಗೇ ಸಂಕೋಚವಾಯಿತು.

"ಇದೆ," ಅಂದಳು.

"ಜೀಪಾ? ನಿಮ್ಮದೇನಾ?"

"ಮತ್ತೆಂತದು? ನನ್ನ ಕೈ ಇಲ್ಲದೆ ಅದು ಈ ಏರು ಹತ್ತುತ್ತಾ?"

ಮನೆ ನೋಡಿ ಉತ್ತರ ಊಹಿಸಬೇಡಿ ಎಂದೂ ತರಬೇತಿಯಲ್ಲಿ ಹೇಳಿದ್ದರು. ಊಹಿಸಲಿಲ್ಲ. 'ಹೌದು' ಒತ್ತಿದೆ. ಒಂದೂವರೆ ಗಂಟೆಯಲ್ಲಿ ಹನ್ನೊಂದು ಮನೆ ಮುಗಿದಿತ್ತು.

ಅಂದು ಕಳಸದ ಕಡೆ ಸಂತೆಗೆ ಹೋಗುವವರಿದ್ದರು. "ನಡ್ಕೊಂಡು ಎಂತಕ್ಕೆ ಇಳೀತೀರಿ, ಜೀಪಲ್ಲಿ ಬನ್ನಿ" ಎಂದರು ಮಂಜಪ್ಪಗೌಡರು. ಜೀಪು ನನ್ನ ಅಪ್ಪನಿಗಿಂತ ಹಿರಿಯದು. ಓಡಿಸುವವರು ರಫೀಕ್, ಅದೇ ಊರಿನವರು, ಮೊದಲು ಮೂಡಿಗೆರೆಯಲ್ಲಿ ಮೆಕ್ಯಾನಿಕ್ಕಾಗಿದ್ದವರು. ಮುಂದೆ ಅವರು, ಮಂಜಪ್ಪಗೌಡರು, ನಡುವೆ ನಾನು. ಹಿಂದೆ ಐವರು, ಅವರಲ್ಲಿ ಕೊನೆಗೆ, ಹಿಂಬಾಗಿಲಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ದ್ಯಾವಮ್ಮ. ಅವಳ ತೊಡೆಯ ಮೇಲೆ ಮೂರುಮೂಲೆಯ ಒಂದು ಹಲಸಿನ ಕೊರಡು, ಅದಕ್ಕೊಂದು ಹಗ್ಗ. ಯಾರಾದರೂ ಮಗುವನ್ನು ಅಷ್ಟು ಜೋಪಾನವಾಗಿ ಹಿಡಿದದ್ದು ನಾನು ಕಂಡಿಲ್ಲ.

ಜೀಪು ಹೊರಟ ಮೇಲೆ ಮಾತಿಗೆಂದು ಕೇಳಿದೆ. "ಉಳಿದ ಜೀಪುಗಳೆಲ್ಲ ಎಲ್ಲಿ? ಇವತ್ತು ಇದೊಂದೇನಾ?"

"ಯಾವ ಉಳಿದದ್ದು?" ಅಂದರು ಗೌಡರು.

"ಹನ್ನೊಂದು ಮನೆಯವರೂ ಜೀಪಿದೆ ಅಂದ್ರಲ್ಲ?"

"ಇದೇ ಅಲ್ವಾ ಅದು! ನಾಲ್ಕು ಟೈರು ನಾಲ್ಕು ಮನೆ. ಬ್ಯಾಟರಿ ಒಂದು ಮನೆ, ಮೇಲಿನ ಟಾರ್ಪಾಲು ಒಂದು ಮನೆ. ಡೀಸೆಲ್ಲು ಎರಡು ಮನೆ. ರಫೀಕನ ಪಾಲು ಓಡಿಸೋದು. ಬ್ರೇಕು ನಂದು."

"ದ್ಯಾವಮ್ಮಂದು?"

"ಕೊರಡು," ಅಂದಳು ಹಿಂದಿನಿಂದ ದ್ಯಾವಮ್ಮ. "ಏರಲ್ಲಿ ಇದು ಹಿಂದೆ ಜಾರಿದ್ರೆ ಚಕ್ರಕ್ಕೆ ಅಡ್ಡ ಕೊಡೋದು. ಮರ ನಂದು, ಕೆತ್ತಿದ್ದೂ ನಾನೇ."

ಹನ್ನೊಂದು ಜೀಪಿನ ಶ್ರೀಮಂತ ಊರು ಅಂತ ಟ್ಯಾಬಿನಲ್ಲಿ ಕೂತಿದೆ, ಈ ಫಾರಂ ಹೋದರೆ ರಸ್ತೆ ಬರುವುದಿಲ್ಲ ಎಂದು ಹೇಳಿದೆ. ಆಮೇಲೆ ದ್ಯಾವಮ್ಮ ಹೇಳಿದಳು, "ಹೋದ ಮಳೆಗೆ ನನ್ನ ತಂಗೀನ ಕುರ್ಚಿಯಲ್ಲಿ ಕೂರ್ಸಿ ಹೊತ್ತು ಇಳಿಸಿದ್ರು. ಜೀಪು ಕೆಸರಲ್ಲಿ ಹತ್ಲಿಲ್ಲ. ಬದುಕಿದ್ಲು, ಅವಳ ಪುಣ್ಯ."

"ಅಳಿಸಿ ಮೇಡಂ!" ಎಂದರು ಗೌಡರು.

"ಈ ಕುಲುಕಾಟದಲ್ಲಿ ಆಗಲ್ಲ. ನೆಟ್‌ವರ್ಕ್ ತಿರುವಿಗೆ ಮೊದಲೇ ನಿಲ್ಲಿಸಿ, ಎಲ್ಲ ಹೊಸದಾಗಿ ತುಂಬ್ತೀನಿ."

"ಆ ಮಾವಿನಮರದ ಹತ್ರ ನಿಲ್ಲಿಸ್ತೀನಿ, ಖಂಡಿತ," ಎಂದರು ರಫೀಕ್. ಟ್ಯಾಬನ್ನೇ ಆಫ್ ಮಾಡಬಹುದಿತ್ತಲ್ಲ ಎಂದು ಮೊನ್ನೆ ನನ್ನ ತಂಗಿ ಕೇಳಿದಳು. ಅವಳಿನ್ನೂ ಪಿಯುಸಿ. ಎಂ.ಎ. ಮಾಡಿದರೆ ಇಂಥವೆಲ್ಲ ಹೊಳೆಯುವುದಿಲ್ಲ.

ರಫೀಕ್ ಮಾತು ತಪ್ಪುವವರಲ್ಲ. ಮಾವಿನಮರದ ಹತ್ತಿರ ಬ್ರೇಕು ಒತ್ತಿದರು. ಪೆಡಲು ನೆಲ ಮುಟ್ಟಿತು, ಜೀಪು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ಮಾವಿನಮರ ಹಿಂದೆ ಹೋಯಿತು.

"ಗೌಡ್ರೇ," ಅಂದರು ರಫೀಕ್, ಬಹಳ ಮೆತ್ತಗೆ. ಆ ಮೆತ್ತಗಿನ ದನಿ ಈಗಲೂ ಕಿವಿಯಲ್ಲಿದೆ. "ಬ್ರೇಕ್ ಆಯಿಲ್ ಹಾಕಿ ಅಂದಿದ್ದೆ. ಎಂತ ಹಾಕಿದ್ರಿ?"

"ಆಯಿಲ್ಲೇ ಹಾಕಿದ್ದು."

"ಯಾವ ಆಯಿಲ್?"

"ಕಳೆ ಹೊಡೆಯೋ ಮಿಷನ್ನಿಂದು ಉಳಿದಿತ್ತು. ಎಣ್ಣೆ ಎಣ್ಣೆನೇ ಅಲ್ವಾ ಮಾರಾಯ?"

"ಅದು ರಬ್ಬರ್ ತಿನ್ನುತ್ತೆ ಗೌಡ್ರೇ!"

"ಹ್ಯಾಂಡ್ ಬ್ರೇಕು! ಹ್ಯಾಂಡ್ ಬ್ರೇಕು!" ಎಂದು ನಾನು ಕೂಗಿದೆ. ಆಮೇಲೆ ತಿಳಿಯಿತು: ಪಾಲು ಹಂಚುವಾಗ ಹ್ಯಾಂಡ್ ಬ್ರೇಕು ಯಾರ ಮನೆಗೂ ಬಿದ್ದಿರಲಿಲ್ಲ. ಹಾಗಾಗಿ ಅದು ಇರಲಿಲ್ಲ.

ಮುಂದಿನದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ, ಕಣ್ಣು ಮುಚ್ಚುವುದೂ ಬೇಡ. ರಫೀಕ್ ಗೇರನ್ನು ಒಂದಕ್ಕೆ ಎಳೆದರು. ಇಂಜಿನ್ನು ಹಂದಿ ಸಿಕ್ಕಿಬಿದ್ದಂತೆ ಕಿರುಚಿತು. ಜೀಪಿನ ಪಕ್ಕೆಯನ್ನು ಧರೆಗೆ ತಾಗಿಸಿ ಉಜ್ಜಿದರು. ಮಣ್ಣು, ಬೇರು, ಜರಿಗಿಡ ಎಲ್ಲ ಗೌಡರ ಮಡಿಲಿಗೆ ಬಂದವು. ವೇಗ ಇಳಿಯಿತು, ಆದರೆ ನಿಲ್ಲುವಷ್ಟಲ್ಲ. ಮುಂದೆ ತಿರುವು. ಅಲ್ಲಿ ಧರೆ ಮುಗಿದು ಎರಡೂ ಕಡೆ ಖಾಲಿ. ಆ ಎರಡು ಕಲ್ಲುಗಳು ಕಾಣಿಸಿದವು, ಅವುಗಳಾಚೆ ಆಕಾಶ ಮಾತ್ರ. ಹಿಂದೆ ಯಾರೋ, "ಮುಂದಿನ ಟೈರು ಹೊಸದು, ಹಾಳು ಮಾಡ್ಬೇಡ ರಫೀಕಾ!" ಎಂದು ಕೂಗುತ್ತಿದ್ದರು. ಆ ಟೈರಿನ ಮನೆಯವರೇ ಇರಬೇಕು. ನನ್ನ ಬಲಗಾಲು, ಮುಂದೆ ಯಾವ ಪೆಡಲೂ ಇಲ್ಲದಿದ್ದರೂ, ಜೀಪಿನ ತಗಡನ್ನು ಒತ್ತುತ್ತಲೇ ಇತ್ತು. ಸಾಯುವ ಮುಂಚೆ ಬದುಕೆಲ್ಲ ಕಣ್ಣೆದುರು ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ಏಳನೆಯ ಪ್ರಶ್ನೆ. ನಾವು ಸತ್ತರೂ ನೆಟ್‌ವರ್ಕ್ ಸಿಗುತ್ತದೆ, ಫಾರಂಗಳು ಹೋಗುತ್ತವೆ.

ಆಗ ಹಿಂಬಾಗಿಲಿನ ಹಲಗೆ ಹಗುರವಾದಂತಾಯಿತು. ತಿರುಗಿ ನೋಡಿದೆ. ದ್ಯಾವಮ್ಮ ಇಳಿದಿದ್ದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಮುಂಗೈಗೆ ಸುತ್ತಿ, ಜೀಪಿನ ಪಕ್ಕದಲ್ಲಿ ಓಡುತ್ತಿದ್ದಳು. ಕೊರಡನ್ನು ಹಿಂಚಕ್ರದ ಮುಂದೆ ಎಸೆದಳು. ಚಕ್ರ ಅದನ್ನು ಪಕ್ಕಕ್ಕೆ ಒದೆಯಿತು. "ಥೂ, ನಿನ್ನ!" ಎಂದು ಹಗ್ಗ ಎಳೆದುಕೊಂಡು, ಮತ್ತೆ ಓಡಿ ಮತ್ತೆ ಎಸೆದಳು. ಈ ಸಲ ಚಕ್ರ ಅದರ ಮೇಲೆ ಅರ್ಧ ಹತ್ತಿತು, ಹಿಂಭಾಗ ಎದ್ದಿತು, ಇಂಜಿನ್ನು ಒಮ್ಮೆ ಕೆಮ್ಮಿ ಸತ್ತಿತು. ನಿಂತೆವು.

ತಿರುವಿಗೆ ನಲವತ್ತು ಹೆಜ್ಜೆ ಇತ್ತು. ಆಮೇಲೆ ಎಣಿಸಿದೆ. ಆಗಂತೂ ಇಳಿದು ಧರೆಗೆ ಒರಗಿ ಕೂತೆ. ಟ್ಯಾಬು ಎದೆಗವಚಿಕೊಂಡೇ ಇದ್ದೆ. ಮೂಲೆಯಲ್ಲಿ ನೆಟ್‌ವರ್ಕಿನ ಒಂದು ಕಡ್ಡಿಯೂ ಇರಲಿಲ್ಲ.

ಮೊದಲು ಮಾತಾಡಿದವರು ಗೌಡರು, ಮಡಿಲ ಮಣ್ಣು ಕೊಡವುತ್ತ. "ಎಂಥ ಸಾವು ಮಾರಾಯ."

"ಸಾವಲ್ಲ ಗೌಡ್ರೇ, ನಿಮ್ಮ ಎಣ್ಣೆ," ಎಂದರು ರಫೀಕ್.

ಅಲ್ಲೇ, ರಸ್ತೆಯ ಬದಿಯಲ್ಲಿ, ಹನ್ನೊಂದೂ ಫಾರಂ ಅಳಿಸಿ ಮತ್ತೆ ಶುರುಮಾಡಿದೆ. ಏಳನೆಯ ಪ್ರಶ್ನೆಗೆ ಬಂದಾಗ ಹೊಸ ತೊಂದರೆ: ಜೀಪು ಇಲ್ಲ ಅನ್ನಲು ಒಬ್ಬರೂ ತಯಾರಿಲ್ಲ. ಈಗ ತಾನೇ ಜೀವ ಉಳಿಸಿಕೊಂಡ ಜೀಪನ್ನು ಅದರೆದುರಿಗೇ ಇಲ್ಲ ಅನ್ನುವುದು ಹೇಗೆ? ಸುಳ್ಳು ಬರೆಯಲು ನಾನೂ ತಯಾರಿರಲಿಲ್ಲ. ಕೈಪಿಡಿ ತೆಗೆದು ಹುಡುಕಿದೆ. ವಾಹನದ ದಾಖಲೆ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು ಎಂದಿತ್ತು. ರಫೀಕ್ ಸೀಟಿನಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದರು. ಮೊದಲು ಜೀಪಿಟ್ಟುಕೊಂಡಿದ್ದ ಎಸ್ಟೇಟಿನ ಸಾಹುಕಾರರ ಹೆಸರು. ಬದಲಾಯಿಸಿಯೇ ಇರಲಿಲ್ಲ.

"ಅವರನ್ನ ಕೇಳಬೇಕಲ್ಲ," ಎಂದೆ.

"ಅವ್ರು ತೀರ್ಕೊಂಡು ಆರು ವರ್ಷ," ಎಂದರು ರಫೀಕ್. "ಈಗಷ್ಟೇ ಅವ್ರ ಹತ್ರಾನೇ ಹೊರಟಿದ್ವಿ. ಗೊತ್ತಿದ್ರೆ ಕೇಳ್ಕೊಂಡು ಬರಬಹುದಿತ್ತು."

ನಗು ಶುರುವಾದದ್ದು ನಿಲ್ಲಲಿಲ್ಲ. ನಾನೂ ನಕ್ಕೆ, ನಡುವೆ ಎಲ್ಲೋ ಅತ್ತೆ, ಯಾರೂ ನೋಡದವರಂತೆ ಇದ್ದರು. ಅಲ್ಲಿದ್ದ ಆರು ಮನೆಯವರು 'ಇಲ್ಲ' ಎಂದು ಒಪ್ಪಿದರು. ಉಳಿದ ನಾಲ್ಕು ಮನೆಗೆ ನಡೆದೇ ವಾಪಸ್ ಹತ್ತಿದೆ. ಜೊತೆಗೆ ದ್ಯಾವಮ್ಮ ಬಂದಳು, ಹೆಗಲ ಮೇಲೆ ಕೊರಡು. ಅದನ್ನು ಜೀಪಿನಲ್ಲಿ ಬಿಟ್ಟು ಬರಲು ಅವಳಿಗೆ ನಂಬಿಕೆಯಿಲ್ಲ.

ದಾರಿಯಲ್ಲಿ ಅವಳ ಫಾರಂ ತುಂಬಿದೆ. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದೆ.

"ಕುರ್ಚಿಲಿ ಹೊತ್ರೆ ನಾಲ್ಕು ಜನ, ಟಾರು ರಸ್ತೆ ತನಕ ಏಳು ಕಡೆ ಇಳಿಸ್ಬೇಕು."

ಟ್ಯಾಬು ಕಿಲೋಮೀಟರ್ ಕೇಳಿತು. ಕಿಲೋಮೀಟರ್ ಹಾಕಿದೆ. ಅದು ನಿಜ, ಆದರೆ ಉತ್ತರವಲ್ಲ.

"ಏಳನೇದು," ಎಂದೆ ಮೆಲ್ಲಗೆ. "ಇಲ್ಲ ಅಂತ ಹಾಕ್ಲಾ?"

ನಿಂತಳು. "ಅವರೆಲ್ಲ ಇಲ್ಲ ಅನ್ಲಿ. ಅವರ ಬ್ರೇಕು ಇತ್ತಾ, ಬ್ಯಾಟರಿ ನಿಲ್ಲಿಸ್ತಾ? ನಾನು ಹೆಂಗೆ ಇಲ್ಲ ಅನ್ಲಿ, ನೀವೇ ಹೇಳಿ."

'ಹೌದು' ಎಂದರೆ ಅವಳ ಮನೆ ಪಟ್ಟಿಯಿಂದ ಹೊರಗೆ. 'ಇಲ್ಲ' ಎಂದರೆ ಅವಳೇ ಹೊರಗೆ. ಪ್ರಶ್ನೆಗಳನ್ನು ಕೆಳಗೆ ಸರಿಸುತ್ತ ಹೋದೆ. ನಲವತ್ತೊಂದರಲ್ಲಿ ರೇಡಿಯೋ, ಸೈಕಲ್ಲು, ಹೊಲಿಗೆ ಮಿಷನ್ನು ಆದ ಮೇಲೆ 'ಇತರೆ ಆಸ್ತಿ, ವಿವರಿಸಿ' ಎಂದಿತ್ತು. ಜೀಪಿನ ಕೊರಡು, ಒಂದು, ಎಂದು ಬರೆದು ಓದಿ ಹೇಳಿದೆ.

"ಹಲಸಿಂದು ಅಂತ ಹಾಕಿ," ಅಂದಳು.

ಹಾಕಿದೆ. ಆಗ ಏಳಕ್ಕೆ 'ಇಲ್ಲ' ಎನ್ನಲು ಒಪ್ಪಿದಳು.

ಸಂಜೆ ಇಬ್ಬರೂ ನೆಟ್‌ವರ್ಕ್ ತಿರುವಿನ ಕಲ್ಲುಗಳ ಮೇಲೆ ಕೂತು ಹನ್ನೊಂದು ಫಾರಂ ಒಂದೊಂದಾಗಿ ಹೋಗುವುದನ್ನು ನೋಡಿದೆವು. ಆ ರಾತ್ರಿ ಕಳಸದ ಲಾಡ್ಜಿನಲ್ಲಿ ಉಳಿದೆ, ನೆಲ ಅಂತಸ್ತಿನ ಕೋಣೆ ಕೇಳಿ ಪಡೆದು.

ಮರುದಿನ ಕಳಸದಿಂದ ಬಸ್ಸು ಹತ್ತಿದಾಗ ಕಚೇರಿಯ ಸೂಪರ್‌ವೈಸರ್ ಫೋನು ಮಾಡಿದರು. ಊರು ಪಟ್ಟಿಯ ಮೇಲ್ಭಾಗಕ್ಕೆ ಬಂದಿದೆಯಂತೆ; ರಸ್ತೆ ಯಾವಾಗ ಎಂದು ಅವರಿಗೂ ಗೊತ್ತಿಲ್ಲ. "ಒಂದೇ ಒಂದು ತಪ್ಪಿದೆ ಮೇಡಂ. ಹಲಸಿನ ಕೊರಡು ಅಂತ ಬರೆದಿದ್ದೀರಿ, ಮೌಲ್ಯ ಖಾಲಿ ಬಿಟ್ಟಿದ್ದೀರಿ."

"ಎಂಟು ಜನ ಸರ್," ಎಂದೆ. "ನಾನೂ ಸೇರಿ."

"ರೂಪಾಯಲ್ಲಿ ಹೇಳಿ."

ಅಷ್ಟರಲ್ಲಿ ಸಿಗ್ನಲ್ಲು ಹೋಯಿತು. ಬಸ್ಸು ಇಳಿಜಾರಿಗೆ ತಿರುಗಿತು. ನನ್ನ ಬಲಗಾಲು ಮುಂದಿನ ಸೀಟಿನ ಕಂಬಿಯನ್ನು ಅದೆಷ್ಟು ಜೋರಾಗಿ ಒತ್ತಿತೆಂದರೆ, ಅಲ್ಲಿ ಕೂತಿದ್ದವರು ಎದ್ದು ನೋಡಿದರು. ಕಂಡಕ್ಟರ್ ಬಂದು, "ಮೇಡಂ, ನೀವು ಒತ್ತಬೇಡಿ, ಮುಂದೆ ಡ್ರೈವರ್ ಇದ್ದಾರೆ," ಎಂದರು.

ಡ್ರೈವರ್ ಇರುವುದು ನನಗೂ ಕಾಣುತ್ತಿತ್ತು. ತಿರುಗಿ ಹಿಂಬಾಗಿಲಿನ ಕಡೆ ನೋಡಿದೆ. ಕೊರಡು ಹಿಡಿದು ಕೂತವರು ಅಲ್ಲಿ ಯಾರೂ ಇರಲಿಲ್ಲ.