ಎಂಟೂವರೆ ಗಾಡಿಯ ಮೇಲೆ ದೂರು

ನನಗೆ ಚಿಂತೆ ಮಾಡಲು ಕಾರಣ ಬೇಕಿಲ್ಲ. ಕಾರಣ ಸಿಕ್ಕರೆ ಸ್ವಲ್ಪ ಸಮಾಧಾನವಾಗುತ್ತದೆ, ಅಷ್ಟೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡು ಮಹಡಿ ಮತ್ತೆ ಹತ್ತಿ ಬಂದು ನೋಡುತ್ತೇನೆ. ನೋಡಿ ಬೀಗ ಹಾಕಿದ ಮೇಲೆ, ನೋಡುವಾಗ ಕೈ ತಾಗಿ ಗುಂಡಿ ತಿರುಗಿರಬಹುದೇ ಎಂದು ಹೊಸದಾಗಿ ಶುರುವಾಗುತ್ತದೆ. ಇಂಥವಳು ಬೆಳಿಗ್ಗೆ ಎಂಟಕ್ಕೆಲ್ಲ ಸ್ಟೇಷನ್ನಿನಲ್ಲಿ ಇರುತ್ತಿದ್ದೆ ಎಂದರೆ ಆಶ್ಚರ್ಯವೇನಿಲ್ಲ. ಗಾಡಿ ಎಂಟೂವರೆಗೆ.

ಮೂರು ವರ್ಷದ ಹಿಂದೆ ನಾವು ದಿಲ್‌ಸುಖ್‌ನಗರದ ಬಾಡಿಗೆ ಮನೆ ಬಿಟ್ಟು ಊರಿನ ಪಶ್ಚಿಮದ ಅಂಚಿಗೆ ಬಂದೆವು. ಗಂಡನ ಕಾರ್ಖಾನೆ ಈ ಕಡೆ. ನನ್ನ ಕಚೇರಿ ಹಿಮಾಯತ್‌ನಗರದಲ್ಲೇ ಉಳಿಯಿತು. ಮೆಟ್ರೊ ನಮ್ಮ ಬಡಾವಣೆಯ ತನಕ ಬಂದಿಲ್ಲ. ಉಳಿದದ್ದು ಲೋಕಲ್ ರೈಲು. ಮೊದಲ ದಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ ಹೆಂಗಸರನ್ನು ಗಾಡಿ ಎಷ್ಟಕ್ಕೆ ಎಂದು ತೆಲುಗಿನಲ್ಲಿ ಕೇಳಿದೆ. "ಎಂಟೂವರೆ ಗಾಡಿರಿ," ಎಂದು ಉತ್ತರ ಬಂತು, ಕನ್ನಡದಲ್ಲಿ. ನನ್ನ ತೆಲುಗು ಕೇಳಿಯೇ ಗುರುತು ಹಿಡಿದಿದ್ದರು. ಹೆಂಗಸರ ಡಬ್ಬಿಯಲ್ಲಿ ಅರ್ಧದಷ್ಟು ಮಂದಿ ಯಾದಗಿರಿ, ಸೇಡಂ, ಬೀದರ ಕಡೆಯವರು. ಕಟ್ಟಡದ ಕೆಲಸ, ಮನೆಗೆಲಸ, ಆಸ್ಪತ್ರೆಯ ಕೆಲಸ. ಅಂದಿನಿಂದ ನನಗೂ ಅದು ಎಂಟೂವರೆ ಗಾಡಿ.

ಎಂಟೂವರೆಗೆ ಅದು ಬರುತ್ತಿದ್ದುದು ಅಪರೂಪ. ಎಂಟು ನಲವತ್ತು, ಎಂಟೂ ಮುಕ್ಕಾಲು, ಮಳೆ ಬಿದ್ದರೆ ಒಂಬತ್ತು. ದೂರದೂರಿನ ಎಕ್ಸ್‌ಪ್ರೆಸ್ಸು ಹೋಗಬೇಕು, ಕಲ್ಲಿದ್ದಲಿನ ಗೂಡ್ಸು ಹೋಗಬೇಕು. ಎಲ್ಲರಿಗೂ ದಾರಿ ಬಿಟ್ಟು ನಮ್ಮ ಗಾಡಿ ಸಿಗ್ನಲ್ಲಿನ ಆಚೆ ನಿಂತಿರುತ್ತಿತ್ತು. ಪ್ಲಾಟ್‌ಫಾರಮ್ಮಿನಿಂದ ಅದರ ಮುಖ ಕಾಣುತ್ತಿತ್ತು, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾದು ನಿಂತ ಬಡ ನೆಂಟರ ಹಾಗೆ. ಅದರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಪಾಪ ಅನ್ನಿಸುತ್ತಿತ್ತು.

ಪಾಪ ಅನ್ನುವ ಅನುಕೂಲ ಇಲ್ಲದವಳೊಬ್ಬಳು ಅದೇ ಡಬ್ಬಿಯಲ್ಲಿದ್ದಳು. ಗುರುಮಠಕಲ್ ಕಡೆಯವಳು, ಮೂವತ್ತೈದರ ಆಸುಪಾಸು. ಗಂಡ ಸೆಂಟ್ರಿಂಗ್ ಕೆಲಸದ ಮೇಲೆ ತಿಂಗಳುಗಟ್ಟಲೆ ಬೇರೆ ಊರಲ್ಲಿ. ಆರನೇ ತರಗತಿಯ ಮಗಳೊಂದಿಗೆ ಕೂಲಿಯವರ ಶೆಡ್ಡಿನಲ್ಲಿ ಇದ್ದು, ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡು ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂಬತ್ತೂ ಕಾಲಿಗೆ ಅಲ್ಲಿ ಹಾಜರಿ. ಹಿಂದೆ ವಹಿಯಲ್ಲಿ ಸಹಿ ಮಾಡಿಸಿಕೊಳ್ಳುತ್ತಿದ್ದ ಮೇಸ್ತ್ರಿ ಹತ್ತು ನಿಮಿಷ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೊಸ ಗುತ್ತಿಗೆದಾರರು ಬಂದು ಬೆರಳು ಒತ್ತುವ ಮಷೀನು ಕೂಡಿಸಿದರು. ಮಷೀನಿಗೆ ಮುಚ್ಚಲು ಕಣ್ಣಿಲ್ಲ.

ಒಂದು ಬೆಳಿಗ್ಗೆ ಅವಳು ನನ್ನ ಪಕ್ಕ ಬಂದು ನಿಂತಳು.

"ಅಕ್ಕಾರ, ಎರಡು ತಿಂಗಳು ನೋಡ್ತೀನಿ ಅಂದಾರ್ರಿ ಸೂಪರ್‌ವೈಸರ್. ಅಷ್ಟರಾಗ ಸುಧಾರಿಸಲಿಲ್ಲಂದ್ರ ರಾತ್ರಿ ಪಾಳಿಗೆ ಹಾಕ್ತಾರಂತ. ಮಗಳನ್ನ ಯಾರ ಹಂತೇಕ ಬಿಡ್ಲಿರಿ? ತಗಡಿನ ಶೆಡ್ಡು. ಬಾಗಲದ ಚಿಲಕಾ ಸೈತ ನೆಟ್ಟಗ ಕೂಡಂಗಿಲ್ಲ."

"ಗಾಡಿ ಲೇಟ್ ಅಂತ ಹೇಳಲಿಲ್ಲೇನು?"

"ಹೇಳೀನ್ರಿ. ಕಾಗದ ತಾ ಅಂದ್ರು. ನೀವು ಆಫೀಸಿನ್ಯಾಗ ಪತ್ರಾ ಬರಿಯೋರಲ್ಲರಿ. ತಪ್ಪು ಗಾಡಿದು, ಇಕಿದಲ್ಲ ಅಂತ ರೈಲ್ವೇದವ್ರ ಕಡಿಂದ ಒಂದು ಕಾಗದ ತರಸಿಕೊಡ್ರಿ."

ನಾನು ಕಚೇರಿಯಲ್ಲಿ ಬರೆಯುವ ಪತ್ರ ಎಂಥದೆಂದು ಅವಳಿಗೆ ಗೊತ್ತಿರಲಿಲ್ಲ. ನಮ್ಮದು ವಿಮೆಯ ಕಚೇರಿ. ಪರಿಹಾರ ಕೇಳಿ ಬಂದವರಿಗೆ ಅದನ್ನು ಯಾಕೆ ಕೊಡಲಾಗದು ಎಂದು ವಿನಯದಿಂದ ತಿಳಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹತ್ತು ಸಲ ವಿಷಾದಿಸುತ್ತ ಬಂದಿದ್ದೇನೆ. ದೂರು ಬರೆಯುವವರ ಕಡೆ ನಿಂತದ್ದು ಅದೇ ಮೊದಲು.

ಮನೆಯಲ್ಲಿ ಹೇಳಿದಾಗ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ನೀ ರೈಲ್ವೇದವರ ಮ್ಯಾಲ ಕಂಪ್ಲೇಂಟ್ ಮಾಡಾಕಿ? ಹಾಲಿನಾಂವ ನೀರು ಹಾಕಿದ್ರ ಅವಂಗ ಒಂದು ಮಾತು ಅನ್ನಾಕಿ ಅಲ್ಲ. ಅದ್ರಾಗ ಮತ್ತ ಅವಂದ ಕಷ್ಟಾ ಏನೋ ಅಂತಿ."

ಮಾತು ನಿಜ. ಆ ರಾತ್ರಿ ನನ್ನ ಪಾಸು ರದ್ದಾದಂತೆ, ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದಂತೆ ಏನೇನೋ ಕಲ್ಪಿಸಿಕೊಂಡೆ. ಬೆಳಿಗ್ಗೆ ನಾನೂ ಅವಳೂ ಸ್ಟೇಷನ್ ಮಾಸ್ತರರ ಕೋಣೆಗೆ ಹೋದೆವು.

ಮಾಸ್ತರರು ನಿವೃತ್ತಿಯ ಹತ್ತಿರದವರು, ತೆಲುಗಿನವರು. ವಾಡಿ ಜಂಕ್ಷನ್ನಿನಲ್ಲಿ ಆರು ವರ್ಷ ಇದ್ದುದರಿಂದ ನಮ್ಮ ಮಾತು ಬರುತ್ತಿತ್ತು. ಅವಳ ಕಥೆ ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏಂ ಚೇಯಾಲಮ್ಮಾ, ಏನು ಮಾಡ್ಲಿ ಹೇಳ್ರಿ. ಆ ಗಾಡಿ ನಿಂತದ್ದು ನನಗೂ ಇಲ್ಲಿಂದ ಕಾಣ್ತದ. ಬಿಡು ಅಂತ ಮ್ಯಾಲಿಂದ ಹೇಳೂತನಕ ನಾ ಬಿಡಂಗಿಲ್ಲ. ಚೀಟಿ ಬರಕೊಡೋ ಅಧಿಕಾರ ನನಗಿಲ್ಲ. ದೂರಿನ ಪುಸ್ತಕದಾಗ ಬರೀರಿ. ಉತ್ತರ ಸಿಕ್ಕೆ, ಮೊಹರು ಹಾಕಿ ಬರ್ತದ. ಅದೇ ನಿಮ್ಮ ಕಾಗದ."

ಬರೆದೆ. ನನ್ನ ಜನ್ಮದ ಅತ್ಯುತ್ತಮ ಪತ್ರ ಅದು. ಎಂಟೂವರೆಗೆ ಬರಬೇಕಾದ ಗಾಡಿ ದಿನವೂ ಹತ್ತು, ಇಪ್ಪತ್ತು ನಿಮಿಷ ತಡವಾಗುವುದರಿಂದ ಯಾರಿಗೆ ಏನಾಗುತ್ತಿದೆ, ಇದಕ್ಕೆ ಹೊಣೆ ಯಾರು ಎಂದು ಮೂರು ಪ್ಯಾರಾ. ಡಬ್ಬಿಯ ಹೆಂಗಸರ ಸಹಿಯೂ ಬೇಕೆಂದು ಹೊರಟಾಗ ಒಬ್ಬಾಕೆ ಕೈ ಹಿಂದೆ ಮಾಡಿಕೊಂಡಳು. "ಸಹಿ ಹಾಕಿದ್ರ ಪಾಸ್ ಕಸಗೊಳ್ಳಂಗಿಲ್ಲ ಹೌದಿಲ್ಲರಿ?" ಹಿಂದಿನ ರಾತ್ರಿ ನಾನೇ ಕೇಳಿಕೊಂಡಿದ್ದ ಪ್ರಶ್ನೆ. "ಛೇ, ಎಲ್ಲ್ಯಾರ ಉಂಟೇನ್ರಿ," ಎಂದು ನಕ್ಕೆ. ಅಷ್ಟು ಸುಳ್ಳು ಧೈರ್ಯವನ್ನು ಹಿಂದೆಂದೂ ತೋರಿಸಿದ್ದಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಇಂಗ್ಲಿಷಿನಲ್ಲಿ ಎರಡೇ ಸಾಲು. ದಾಖಲೆಗಳನ್ನು ಪರಿಶೀಲಿಸಲಾಗಿದೆ. ಸದರಿ ನಿಲ್ದಾಣದಲ್ಲಿ ಎಂಟೂವರೆ ಗಂಟೆಗೆ ಯಾವುದೇ ಗಾಡಿ ಇಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

ನಾನು ಅದನ್ನು ಮಾಸ್ತರರ ಮುಂದಿಟ್ಟೆ. ಅವರು ಓದಿ, ನನ್ನನ್ನು ನೋಡಿ, ಮತ್ತೆ ಓದಿದರು.

"ಅಮ್ಮಾ, ನೀವು ಎಂಟೂವರೆ ಅಂತ ಬರದ್ರೇನು? ಅದು ಎಂಟು ಐದರ ಗಾಡಿ."

ವೇಳಾಪಟ್ಟಿಯ ಬೋರ್ಡು ಮೆಟ್ಟಿಲ ಕೆಳಗಿತ್ತು, ಅದರ ಮೇಲೆ ಕೋಚಿಂಗ್ ಸೆಂಟರಿನ ಜಾಹೀರಾತು ಅಂಟಿತ್ತು. ಮೊಬೈಲಿನಲ್ಲಿ ಗಾಡಿ ಈಗ ಎಲ್ಲಿದೆ ಎಂದು ನೋಡುತ್ತಿದ್ದೆವೇ ಹೊರತು ಎಷ್ಟಕ್ಕೆ ಬರಬೇಕಿತ್ತು ಎಂದು ಯಾರೂ ನೋಡಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಅದು ಬರುವ ಹೊತ್ತಿಗೆ ಹೆಸರಿಟ್ಟರು, ಹೆಸರು ನಿಂತಿತು. ಇಪ್ಪತ್ತೈದು ನಿಮಿಷವನ್ನು ನಾವೇ ಕ್ಷಮಿಸಿ, ಅದರ ಮೇಲಿನ ಹತ್ತು ನಿಮಿಷಕ್ಕೆ ದೂರು ಬರೆದಿದ್ದೆವು. ಎಂದೋ ಒಮ್ಮೆ ಎಂಟೂ ಕಾಲಿಗೆ ಬಂದಾಗ, ಇವತ್ತು ಗಾಡಿ ಜಲ್ದಿ ಬಂದೈತಿ ನೋಡು ಎಂದು ಡಬ್ಬಿ ತುಂಬ ಖುಷಿಪಟ್ಟದ್ದು ನೆನಪಾಗಿ ನನಗೆ ಕಿವಿ ಬಿಸಿಯಾಯಿತು. ಗ್ಯಾಸಿನ ಗುಂಡಿಯನ್ನು ಮೂರು ಸಲ ನೋಡುವವಳು ನಾನು.

ಅವಳಿಗೆ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

"ಅಂದ್ರ ಎಂಟು ಐದಕ್ಕ ಬಂದ್ರ ನಾ ಒಂಬತ್ತರೊಳಗ ಮುಟ್ಟತಿದ್ದೆನಲ್ರಿ. ಚಾ ಕುಡದು ಬೆರಳ ಒತ್ತಬಹುದಿತ್ತು."

"ಹೌದು."

"ಇಷ್ಟು ದಿನ ನಾನೇ ಲೇಟ್ ಅಂತ ತಿಳಕೊಂಡಿದ್ದೆ," ಎಂದಳು.

ಎರಡನೇ ದೂರು ಚಿಕ್ಕದು. ಎಂಟು ಐದರ ಗಾಡಿ ಕಳೆದ ತಿಂಗಳು ಯಾವ ದಿನ ಎಷ್ಟಕ್ಕೆ ಬಂತು, ತಿಳಿಸಬೇಕು. ಈ ಸಲ ಸಹಿ ಕೇಳಲು ಹೋಗಬೇಕಾಗಲಿಲ್ಲ. ಇಪ್ಪತ್ತೈದು ನಿಮಿಷದ ಸುದ್ದಿ ಡಬ್ಬಿಯಲ್ಲಿ ಹಬ್ಬಿ, ಕೈ ಹಿಂದೆ ಮಾಡಿಕೊಂಡಿದ್ದಾಕೆಯೇ ಪೆನ್ನು ಕಸಿದುಕೊಂಡಳು. ಉತ್ತರವಾಗಿ ದಿನವಾರು ಪಟ್ಟಿ ಬಂತು, ಸಿಕ್ಕೆ ಸಮೇತ. ಕಾರ್ಯಾಚರಣೆಯ ಕಾರಣಗಳಿಂದ ಗಾಡಿ ಬಹುತೇಕ ದಿನ ತಡವಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಆ ವಾಕ್ಯವನ್ನು ಓದುವಾಗ ನನ್ನದೇ ಕೈಬರಹ ಕಂಡಂತಾಯಿತು. ಎರಡು ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ಆ ರಾತ್ರಿ ಚಿಂತೆಯಿಲ್ಲದೆ ಮಲಗಿದೆ, ಅದೇ ತಪ್ಪಾಯಿತೇನೋ.

ಮರುದಿನ ಅವಳು ಪ್ಲಾಸ್ಟಿಕ್ ಹಾಳೆಯನ್ನು ವಾಪಸು ತಂದಳು.

"ಏನಂದ್ರು?"

"ಭಾಳ ಛಲೋ ಕಾಗದ ಐತಿ ಅಂದ್ರು. ದಿನಾ ಲೇಟ್ ಬರೂದು ನಿನಗ ಗೊತ್ತಿತ್ತಂದ್ರ, ಅದ್ರಕ್ಕಿಂತ ಮುಂಚಿನ ಗಾಡಿಗೆ ಯಾಕ ಬರಲಿಲ್ಲ ಅಂತ ಕೇಳಿದ್ರು. ನನ್ನ ಹಂತೇಕ ಅದಕ್ಕ ಕಾಗದ ಇರಲಿಲ್ಲರಿ."

ಮುಂಚಿನ ಗಾಡಿ ಏಳಕ್ಕೆ ಹತ್ತು ನಿಮಿಷವಿರುವಾಗ. ಅವಳ ಶೆಡ್ಡಿನ ಸಾಲಿಗೆ ನೀರಿನ ಟ್ಯಾಂಕರು ಬರುವುದು ಏಳಕ್ಕೆ. ನೀರು ಹಿಡಿದು, ಮಗಳನ್ನು ಶಾಲೆಗೆ ಕಳಿಸಿ ಅವಳು ಹೊರಡಬೇಕು. ಇದನ್ನೆಲ್ಲ ನಾನು ಮೊದಲೇ ಯೋಚಿಸಬೇಕಿತ್ತು. ಮೊದಲೇ ಇದ್ದ ಕಾಯಿಲೆಗೆ ಪರಿಹಾರವಿಲ್ಲ ಎಂದು ಎಷ್ಟು ಜನರಿಗೆ ಬರೆದಿಲ್ಲ ನಾನು? ಮೊದಲೇ ಇದ್ದ ತಡಕ್ಕೂ ಅದೇ ನಿಯಮ. ಅವಳಿಗೆ ಸಾಕ್ಷಿ ಎಂದು ತಂದ ಕಾಗದ ಅವಳ ವಿರುದ್ಧ ಸಾಕ್ಷಿ ಹೇಳಿ ಬಂದಿತ್ತು.

ಕಚೇರಿಗೆ ಅರ್ಧ ದಿನದ ರಜೆ ಹಾಕಿ ಅವಳ ಜೊತೆ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಸೂಪರ್‌ವೈಸರ್ ಎಂದರೆ ದಪ್ಪ ಮೀಸೆಯವನನ್ನೇ ಕಲ್ಪಿಸಿಕೊಂಡಿದ್ದೆ. ಇದ್ದವನು ಇಪ್ಪತ್ತೆಂಟರ ಸಣಕಲು ಯುವಕ, ಎರಡು ಫೋನು, ಊಟದ ಡಬ್ಬಿ ಬಿಚ್ಚದೆ ಮೇಜಿನ ಮೇಲೆ. ಹಿಂದಿಯಲ್ಲಿ ನಿಧಾನವಾಗಿ ಹೇಳಿದ: "ಮೇಡಂ, ನನಗೂ ಮೇಲಿನವರು ಪಟ್ಟಿ ಕೇಳ್ತಾರೆ. ಕೆಂಪು ಗೆರೆ ಬಂದವರ ಹೆಸರು ಕಳಿಸು ಅಂತಾರೆ. ಗೆರೆ ಹಾಕೋದು ನಾನಲ್ಲ, ಮಷೀನು."

ಸಿಟ್ಟು ತಂದುಕೊಳ್ಳಲು ಇಲ್ಲಿಯೂ ಯಾರೂ ಸಿಗಲಿಲ್ಲ. ಮಾಸ್ತರರಿಗೆ ಮೇಲಿನವರು, ಇವನಿಗೆ ಮೇಲಿನವರು. ನಾನು ಪಟ್ಟಿ ತೆಗೆದು, ಎಂಟು ಐದು ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟೆ. ಈ ಗಾಡಿ ಹೇಳಿದ ಹೊತ್ತಿಗೆ ಬಂದಿದ್ದರೆ ಈಕೆ ನಿಮಗಿಂತ ಮುಂಚೆ ಇಲ್ಲಿರುತ್ತಿದ್ದಳು, ತಪ್ಪು ಅವರದೆಂದು ಅವರೇ ಬರೆದುಕೊಟ್ಟಿದ್ದಾರೆ, ಮುಂಚಿನ ಗಾಡಿಗೆ ಬಾ ಎಂದರೆ ಅವರ ತಪ್ಪಿಗೆ ಈಕೆ ದಂಡ ಕಟ್ಟಿದಂತೆ ಎಂದೆ. ಸ್ವರ ನಡುಗುತ್ತಿತ್ತು. ಅದನ್ನು ಅವನು ಸಿಟ್ಟೆಂದು ತಿಳಿದಿರಬೇಕು, ಕುರ್ಚಿ ತೋರಿಸಿದ.

ಬಹಳ ಹೊತ್ತು ಫೋನಿನಲ್ಲಿ ಯಾರೊಂದಿಗೋ ಮಾತಾಡಿ ಬಂದ. ವಾರ್ಡಿನಲ್ಲಿ ಸಮಯ ಬದಲಿಸಲು ಆಗದು. ಲಾಂಡ್ರಿಯಲ್ಲಿ ಹಗಲು ಪಾಳಿ ಹತ್ತಕ್ಕೆ ಶುರು, ಆರಕ್ಕೆ ಮುಗಿಯುತ್ತದೆ, ಅಲ್ಲಿಗೆ ಹಾಕಬಹುದು. ಅವಳು ನನ್ನ ಮುಖ ನೋಡಲಿಲ್ಲ, ಯೋಚಿಸಲೂ ಇಲ್ಲ. "ಹಾಂ ಸಾಬ್," ಎಂದಳು.

ಗೆದ್ದೆವು ಎಂದು ನಾನು ಎರಡು ವಾರ ತಿರುಗಾಡಿದೆ. ಗಂಡನಿಗೂ ಹೇಳಿಯಾಯಿತು. ಅವನು ಪೇಪರು ಕೆಳಗಿಟ್ಟು ಕೇಳಿದ್ದು ನನ್ನ ದಾಂಪತ್ಯದಲ್ಲೇ ಬೆರಳೆಣಿಕೆಯ ಘಟನೆಗಳಲ್ಲೊಂದು. ಆಮೇಲೊಂದು ದಿನ ಗಾಡಿಯಲ್ಲಿ ಅವಳು ಮೇಲಿನ ಹಿಡಿಕೆ ಹಿಡಿಯದೆ ಕಂಬಕ್ಕೆ ಒರಗಿ ನಿಂತಿದ್ದಳು. ಕೈ ಎತ್ತಲು ಆಗುತ್ತಿರಲಿಲ್ಲ. ಒದ್ದೆ ಚಾದರಗಳನ್ನು ಮಷೀನಿನಿಂದ ತೆಗೆದು ತಳ್ಳುಗಾಡಿಗೆ ಹೇರುವುದು ಅವಳ ಪಾಲಿನ ಕೆಲಸ. ರಟ್ಟೆಗೆ ಎಣ್ಣೆ ಹಚ್ಚಿದ ವಾಸನೆ ಬರುತ್ತಿತ್ತು.

"ಭಾಳ ನೋಯ್ತೈತೇನು?"

"ನೋಯ್ತಾವ್ರಿ. ಒದ್ದಿ ಚಾದರ ಅಂದ್ರ ಹೆಣಾ ಎತ್ತಿದಂಗ. ಆದ್ರ ಕತ್ತಲಾದ ಮ್ಯಾಲ ಮಗಳ ಹಂತೇಕ ಇರ್ತೀನಲ್ರಿ. ನಿನ್ನಿ ಆಕಿನೇ ನನ್ನ ತೋಳು ತಿಕ್ಕಿದ್ಲು. ತಿಕ್ಕೋತ ಪಾಠ ಒಪ್ಪಿಸಿದ್ಲು."

ಮುಂದಿನ ಸಿಗ್ನಲ್ಲಿನಲ್ಲಿ ಗಾಡಿ ಮತ್ತೆ ನಿಂತಿತು. ನಾನು ಹೊರಗೆ ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಗಾಡಿ ತಡವಾಗುವುದು ನಿಂತಿಲ್ಲ. ಅದರ ಭಾರವನ್ನು ಯಾರಾದರೂ ಹೊರಲೇಬೇಕು, ಸದ್ಯಕ್ಕೆ ಈ ಎರಡು ತೋಳು ಹೊರುತ್ತಿವೆ. ಆ ವ್ಯವಸ್ಥೆ ಮಾಡಿಸಿದವಳು ನಾನು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಮಾಸ್ತರರ ಕೋಣೆಗೆ ಹೋಗಿ ಪುಸ್ತಕ ಕೇಳಿದೆ. ಎಂಟು ಐದು ಎಂದು ಶುರುಮಾಡಿ ಅವಳ ಚಾದರದ ತನಕ ಬರೆದೆ. ಮಾಸ್ತರರು ಓದಿದರು.

"ಚಾದರದ ವಿಷಯಕ್ಕ ಕಾಲಂ ಇಲ್ಲಮ್ಮಾ ಇದರಾಗ. ಏನು ಉತ್ತರ ಬರ್ತದ ನಿಮಗ ಗೊತ್ತದ ಅಲ್ಲ?"

"ವಿಷಾದಿಸುತ್ತೇವೆ ಅಂತ ಬರ್ತದ್ರಿ," ಎಂದೆ. "ಬರಲಿ. ಯಾವುದಕ್ಕ ಅನ್ನೋದಾದ್ರೂ ಅವರು ಒಂದ್ಸಲ ಓದಬೇಕಲ್ಲ."

ಅವರು ಕೆಳಗೆ ಸಿಕ್ಕೆ ಒತ್ತಿ, ಪ್ರತಿಯನ್ನು ಹರಿದು ನನ್ನ ಕೈಗೆ ಕೊಟ್ಟರು. ಮುಂದಿನ ವಾರವೂ ಹೋಗಿ ಪುಸ್ತಕ ಕೇಳಿದೆ.